ಐಎನ್‌ಎಸ್ ವಿಕ್ರಾಂತ್: ಯುದ್ಧಕಾಲದ ಸೇವೆ

ಐಎನ್‌ಎಸ್ ವಿಕ್ರಾಂತ್ ಭಾರತದ ಮೊದಲ ವಿಮಾನವಾಹಕ ಯುದ್ಧನೌಕೆ. ಎರಡನೆಯ ಮಹಾಯುದ್ಧದ ವೇಳೆ ಬ್ರಿಟನ್ ಹರ್ಕ್ಯುಲಿಸ್ ಎಂಬ ಹೆಸರಿನಲ್ಲಿ ಕಟ್ಟತೊಡಗಿದ್ದ ಈ ಹಡಗಿನ ಕೆಲಸ ಯುದ್ಧ ಮುಗಿದ ಮೇಲೆ ಅರ್ಧಕ್ಕೇ ನಿಂತಿತ್ತು. ಭಾರತ ಅದನ್ನು 1957ರಲ್ಲಿ ಕೊಂಡು, ಬೆಲ್‌ಫಾಸ್ಟ್‌ನಲ್ಲಿ ಪೂರ್ತಿ ಮಾಡಿಸಿ, 1961ರ ಮಾರ್ಚ್ 4ರಂದು ನೌಕಾಪಡೆಗೆ ಸೇರಿಸಿಕೊಂಡಿತು. ಸೀ ಹಾಕ್ ಜೆಟ್‌ಗಳೂ ಜಲಾಂತರ್ಗಾಮಿಗಳನ್ನು ಬೇಟೆಯಾಡುವ ಅಲಿಜೆ ವಿಮಾನಗಳೂ ಅದರ ಬಲ.

ನವೆಂಬರಿನಲ್ಲಿ ಹಡಗು ಮುಂಬಯಿಗೆ ಬಂತು. ಮರುತಿಂಗಳೇ ಗೋವಾ ವಿಮೋಚನೆ. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಡಿಸೆಂಬರ್ 18ರಂದು ಐಎನ್‌ಎಸ್ ಮೈಸೂರು ಮತ್ತು ತ್ರಿಶೂಲ್ ಹಡಗುಗಳ ನಾವಿಕರು ಇಳಿದು ಹೋರಾಡಿದರು. ಏಳು ಮಂದಿ ಪ್ರಾಣ ತೆತ್ತರು. ವಿಕ್ರಾಂತ್ ಹೊರಗಡಲಲ್ಲಿ ಕಾವಲಿತ್ತು. ಪಾಕಿಸ್ತಾನದೊಂದಿಗಿನ 1965ರ ಯುದ್ಧದಲ್ಲಿ ಅದು ದುರಸ್ತಿಯಲ್ಲಿದ್ದುದರಿಂದ ಕಡಲಿಗಿಳಿಯಲಿಲ್ಲ.

ಅದರ ನಿಜವಾದ ಪರೀಕ್ಷೆ ನಡೆದದ್ದು ಪಾಕಿಸ್ತಾನದೊಂದಿಗಿನ 1971ರ ಯುದ್ಧದಲ್ಲಿ. ಬಾಯ್ಲರ್ ಒಂದರಲ್ಲಿ ಬಿರುಕು ಬಿಟ್ಟು ಹಡಗಿನ ವೇಗ ತಗ್ಗಿತ್ತು. ಇದು ಸಣ್ಣ ತೊಂದರೆಯಲ್ಲ: ಹಡಗು ಗಾಳಿಗೆದುರಾಗಿ ವೇಗವಾಗಿ ಓಡಿದರಷ್ಟೇ ಗಿಡ್ಡ ಡೆಕ್ಕಿನ ಮೇಲಿಂದ ಜೆಟ್ ಏರುವುದು ಸುಲಭ. ಆದರೂ ಅದನ್ನು ಬಂಗಾಳ ಕೊಲ್ಲಿಗೆ ಕಳಿಸುವ ನಿರ್ಧಾರವಾಯಿತು. ಆ ಯುದ್ಧದಲ್ಲಿ ನೌಕಾಪಡೆ ತೋರಿದ ಅತಿ ದೊಡ್ಡ ಧೈರ್ಯ ಇದೇ ಎನ್ನಬೇಕು. ಪೂರ್ವ ಕಮಾಂಡಿನ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ವಿಕ್ರಾಂತ್ ಅನ್ನು ಅಂಡಮಾನಿನಲ್ಲಿ ಅಡಗಿಸಿಟ್ಟು, ಹಳೆಯ ಐಎನ್‌ಎಸ್ ರಜಪೂತ್ ಹಡಗಿನಿಂದ ಸುಳ್ಳು ರೇಡಿಯೊ ಸಂದೇಶ ಹೊರಡಿಸಿ, ವಿಕ್ರಾಂತ್ ವಿಶಾಖಪಟ್ಟಣದ ಬಳಿಯೇ ಇದೆಯೆಂದು ನಂಬಿಸಿದರು. ಅದನ್ನೇ ಹುಡುಕಿ ಬಂದಿದ್ದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಡಿಸೆಂಬರ್ 3-4ರ ರಾತ್ರಿ ಅಲ್ಲೇ ಮುಳುಗಿತು. ರಜಪೂತ್ ಎಸೆದ ಸಿಡಿಗುಂಡುಗಳೇ ಕಾರಣವೆಂದು ಭಾರತ, ಒಳಗಿನ ಸ್ಫೋಟವೆಂದು ಪಾಕಿಸ್ತಾನ ಹೇಳುತ್ತವೆ.

ಡಿಸೆಂಬರ್ 4ರಂದು ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ನೇತೃತ್ವದ ವಿಕ್ರಾಂತ್‌ನಿಂದ ಹಾರಿದ ಸೀ ಹಾಕ್‌ಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ಎರಗಿದವು. ಮುಂದಿನ ದಾಳಿಗಳು ಖುಲ್ನಾ, ಮೊಂಗ್ಲಾಗಳವರೆಗೂ ಹಬ್ಬಿದವು. ಅಲಿಜೆಗಳು ರಾತ್ರಿಯಲ್ಲೂ ಹಾರಿದವು. ಪೂರ್ವ ಪಾಕಿಸ್ತಾನದ ಸೈನ್ಯಕ್ಕೆ ಕಡಲ ದಾರಿ ಮುಚ್ಚಿತು. ಡಿಸೆಂಬರ್ 16ರಂದು ಅದು ಢಾಕಾದಲ್ಲಿ ಶರಣಾಯಿತು. ಸ್ವರಾಜ್ ಪ್ರಕಾಶ್ ಅವರಿಗೂ ಸೀ ಹಾಕ್ ದಳದ ನಾಯಕ ಎಸ್.ಕೆ. ಗುಪ್ತ ಅವರಿಗೂ ಮಹಾವೀರ ಚಕ್ರ ಸಂದಿತು.

1997ರ ಜನವರಿ 31ರಂದು ನಿವೃತ್ತಿಯಾದ ಹಡಗು ಕೆಲಕಾಲ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು. ಉಳಿಸಿಕೊಳ್ಳಲೇಬೇಕಿದ್ದ ಅದನ್ನು 2014ರಲ್ಲಿ ಗುಜರಿಗೆಂದು ಒಡೆಯಲಾಯಿತು. ಅದೇ ವರ್ಷದ ಜನವರಿಯಲ್ಲಿ ರಷ್ಯಾದಿಂದ ತಂದ ಇನ್ನೊಂದು ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯ ಕಾರವಾರದ ಕದಂಬ ನೌಕಾನೆಲೆಗೆ ಬಂದು ಸೇರಿತ್ತು. ವಿಕ್ರಾಂತ್ ಎಂಬ ಹೆಸರು ಈಗ ಕೊಚ್ಚಿಯಲ್ಲಿ ಕಟ್ಟಿ 2022ರಲ್ಲಿ ಸೇವೆಗಿಳಿಸಿದ ವಿಮಾನವಾಹಕ ನೌಕೆಯದು.