ಶ್ರಮದ ಹೊತ್ತಿನ ರಕ್ತಕೊರತೆ ಮತ್ತು ಹೃದಯದ ಕಾರ್ಯ

ವಿಜಯಪುರ ಜಿಲ್ಲೆಯ ಸಾಲೋಟಗಿ ಸುತ್ತಿನ ಲಿಂಬೆ ತೋಟಗಳಲ್ಲಿ ತುಂಬಿದ ಚೀಲ ಹೊತ್ತು ನಡೆಯುವ ಐವತ್ತರ ಆಳಿಗೆ ನಡುದಾರಿಯಲ್ಲಿ ‘ಎದಿ ಹಿಡದಂಗ’ ಆಗಬಹುದು. ಚೀಲ ಇಳಿಸಿ ಐದು ನಿಮಿಷ ಕೂತರೆ ಸರಿಹೋಗುತ್ತದೆ. ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮತ್ತೆ ಕೆಲಸಕ್ಕೆ ಏಳುವವರೇ ಹೆಚ್ಚು. ನಡೆದಾಗ ಬಂದು ನಿಂತಾಗ ಹೋಗುವ ಈ ನೋವನ್ನು ವಿಲಿಯಂ ಹೆಬರ್ಡನ್ 1768ರಲ್ಲೇ ಲಂಡನ್ನಿನ ವೈದ್ಯರ ಮುಂದೆ ವಿವರಿಸಿದ್ದರು. ನೋವಿಗೂ ಮೊದಲು ಹೃದಯದಲ್ಲಿ ಏನಾಗುತ್ತದೆಂಬುದು ತಿಳಿಯಲು ಇನ್ನೂ ಬಹುಕಾಲ ಬೇಕಾಯಿತು.

ಹೃದಯದ ಸ್ನಾಯು ಸುಮ್ಮನೆ ಕೂತಾಗಲೂ ತನಗೆ ಬಂದ ರಕ್ತದ ಆಮ್ಲಜನಕದಲ್ಲಿ ಸುಮಾರು ಶೇ. 70ರಷ್ಟನ್ನು ಹೀರಿಕೊಂಡಿರುತ್ತದೆ. ದುಡಿಮೆ ಹೆಚ್ಚಿದಾಗ ಹೀರಲು ಹೆಚ್ಚೇನೂ ಉಳಿದಿರದ ಕಾರಣ ರಕ್ತದ ಹರಿವೇ ಹೆಚ್ಚಬೇಕು. ಆರೋಗ್ಯವಂತರಲ್ಲಿ ಅದು ನಾಲ್ಕೈದು ಪಟ್ಟು ಏರಬಲ್ಲದು. ಎಡ ಹೃತ್ಕುಕ್ಷಿಯ ಗೋಡೆಗೆ ರಕ್ತ ಬಹುಪಾಲು ಹರಿಯುವುದು ಅದು ಸಡಿಲಗೊಂಡಾಗ. ಬಡಿತ ಚುರುಕಾದಷ್ಟೂ ಆ ಬಿಡುವು ಕಿರಿದಾಗುತ್ತದೆ. ಹೀಗಾಗಿ ಶೇ. 70ರಷ್ಟು ಕಿರಿದಾದ ರಕ್ತನಾಳ ಕೂತವರಿಗೆ ಸಾಲುತ್ತದೆ, ಹೊರೆ ಹೊತ್ತವರಿಗೆ ಸಾಲದು. ಗೋಡೆಯ ಒಳಪದರವೇ ಮೊದಲು ಸೊರಗುತ್ತದೆ.

ಮುಂದಿನದು ಬಹುಮಟ್ಟಿಗೆ ಒಂದು ಕ್ರಮದಲ್ಲಿ ನಡೆಯುತ್ತದೆ. ಸಡಿಲಗೊಳ್ಳುವುದಕ್ಕೂ ಶಕ್ತಿ ಬೇಕಾದ್ದರಿಂದ ಮೊದಲು ಕುಂದುವುದು ಅದೇ. ಒಳಗಿನ ಒತ್ತಡ ಏರಿ ಏದುಸಿರು ಬರುತ್ತದೆ. ಬಳಿಕ ಗೋಡೆಯಲ್ಲಿ ರಕ್ತ ಸಾಲದ ಭಾಗ ಸರಿಯಾಗಿ ಸಂಕುಚಿಸುವುದಿಲ್ಲ. ಇಸಿಜಿಯಲ್ಲಿ ಬದಲಾವಣೆ ಕಾಣುವುದು ಅದರ ನಂತರ. ನೋವು ಕೊನೆಗೆ, ಸಕ್ಕರೆ ಕಾಯಿಲೆಯವರಲ್ಲಿ ಅದು ಬಾರದೆಯೂ ಇರಬಹುದು. ನಾಯಿಗಳ ರಕ್ತನಾಳ ಕಟ್ಟಿದೊಡನೆ ಆ ಭಾಗದ ಸ್ನಾಯು ನಿಮಿಷದೊಳಗೆ ಸಂಕುಚಿಸುವುದನ್ನು ಬಿಟ್ಟು ಉಬ್ಬುವುದನ್ನು ಟೆನಂಟ್ ಮತ್ತು ವಿಗರ್ಸ್ 1935ರಲ್ಲಿ ತೋರಿಸಿದ್ದರು. ಹರಿವು ಮರಳಿದ ಮೇಲೂ ಸ್ನಾಯು ಕೆಲಕಾಲ ಮಂಕಾಗಿಯೇ ಇರುವುದನ್ನು ಬ್ರಾನ್‌ವಾಲ್ಡ್ ಮತ್ತು ಕ್ಲೋನರ್ 1982ರಲ್ಲಿ ವಿವರಿಸಿದರು. ಚೀಲ ಇಳಿಸಿ ನೋವು ನಿಂತಿತೆಂದರೆ ಹೃದಯ ಆಗಲೇ ಸುಧಾರಿಸಿತೆಂದು ತಿಳಿಯಬಾರದು.

ಮಲಗಿಸಿ ತೆಗೆದ ಇಸಿಜಿ ಸರಿಯಿದೆ ಎಂಬ ಒಂದೇ ಮಾತಿಗೆ ಸಮಾಧಾನಪಡುವುದು ಅಪಾಯಕಾರಿ. ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ 3 ನಿಮಿಷಕ್ಕೊಮ್ಮೆ ವೇಗ ಮತ್ತು ಏರು ಹೆಚ್ಚುತ್ತವೆ. ಶ್ರಮದ ಬೆನ್ನಿಗೇ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿದರೆ ಸೋತ ಗೋಡೆ ಕಣ್ಣಿಗೇ ಕಾಣುತ್ತದೆ.

2021ರ ಅಕ್ಟೋಬರ್ 29ರಂದು 46ರ ಹರೆಯದ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಗುವಂತಾದುದು ದೊಡ್ಡ ಉಪಕಾರ. ಆದರೆ ಅದು ನಾಳ ಕಟ್ಟಿದ ಮೇಲಿನ ಚಿಕಿತ್ಸೆ. ಅದಕ್ಕೂ ಮೊದಲೇ, ಯಾವ ಕೆಲಸದಲ್ಲಿ ಎದೆ ಹಿಡಿಯಿತು, ಎಷ್ಟು ಹೊತ್ತಿಗೆ ಇಳಿಯಿತು ಎಂಬುದನ್ನು ರೋಗಿ ವೈದ್ಯರಿಗೆ ಬಿಡಿಸಿ ಹೇಳಲಿ, ವೈದ್ಯರೂ ಕೇಳಲಿ. ಕೂತರೂ ನೋವು ಇಳಿಯದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.