ವಾಡೆಯ ಬಾಡಿಗೆ ಯಾರ ಖಾತೆಗೆ?

ಪುಣೆಯ ಕಸಬಾ ಪೇಠ, ಸದಾಶಿವ ಪೇಠಗಳಲ್ಲಿ ಓಡಾಡಿದವರಿಗೆ ಹಳೇ ವಾಡೆಗಳು ಗೊತ್ತೇ ಇರುತ್ತವೆ. ಒಳಗೆ ಚೌಕ, ಸುತ್ತ ಹತ್ತಾರು ಬಾಡಿಗೆ ಸಂಸಾರಗಳು. ಕೆಲವರು ಇವತ್ತಿಗೂ ಕೊಡುವ ತಿಂಗಳ ಬಾಡಿಗೆಗಿಂತ ಹೋಟೆಲಿನ ಒಂದು ಊಟವೇ ದುಬಾರಿ!

ಇದರ ಬೇರು 1947ರ ಬಾಂಬೆ ಬಾಡಿಗೆ ಕಾಯ್ದೆಯಲ್ಲಿದೆ. 1940ರ ಸೆಪ್ಟೆಂಬರ್ 1ರಂದು ಎಷ್ಟಿತ್ತೋ ಅಷ್ಟೇ ಬಾಡಿಗೆ. ಆಮೇಲೆ ಬಾಡಿಗೆಗೆ ಕೊಟ್ಟ ಮನೆಯಾದರೆ ಮೊದಲು ಪಡೆದ ಬಾಡಿಗೆಯೇ ಗಟ್ಟಿ. ಮನೆಗಳ ಬರವಿದ್ದ ಕಾಲ, ಬಡವನಿಗೆ ಸೂರು ಬೇಕಿತ್ತು, ಒಪ್ಪೋಣ. ಆದರೆ ಬಿ.ಕಾಂ. ಓದಿದ ನನ್ನ ಬುದ್ಧಿ ಲೆಕ್ಕದ ಕಡೆಗೇ ಹೋಗುತ್ತದೆ. ಇದೂ ಸರ್ಕಾರದ ವಸತಿ ಸಹಾಯವೇ ಅಲ್ಲವೇ? ಡೆಬಿಟ್ ಆಗಿದ್ದು ಮಾತ್ರ ಖಜಾನೆಗಲ್ಲ, ಮನೆ ಮಾಲೀಕನಿಗೆ. ಅಮೆರಿಕದಲ್ಲಿ 1974ರಲ್ಲಿ ಬಂದ 'ಸೆಕ್ಷನ್ 8' ಯೋಜನೆ ನೋಡಿ. ಬಾಡಿಗೆದಾರ ತನ್ನ ಆದಾಯದ ಸುಮಾರು ಶೇ. 30 ಕೊಟ್ಟರೆ ಉಳಿದದ್ದು ಸರ್ಕಾರದ ಹಣದಿಂದ ನೇರ ಮಾಲೀಕನಿಗೆ ಸೇರುತ್ತದೆ.

ನಮ್ಮಲ್ಲಿ ಇನ್ನೊಂದು ಪೆಟ್ಟು ಬಿತ್ತು. 1973ರ ಫೆಬ್ರವರಿ 1ರಂದು ಲೀವ್ ಅಂಡ್ ಲೈಸೆನ್ಸ್ ಮೇಲೆ ಮನೆಯಲ್ಲಿದ್ದವರನ್ನೂ ಕಾನೂನು ಬಾಡಿಗೆದಾರರೆಂದೇ ಪರಿಗಣಿಸಿತು. ಮಾಲೀಕರಿಗೆ ಹನ್ನೊಂದು ತಿಂಗಳ ಕರಾರೆಂದರೂ ಎದೆ ಢವಢವ ಅನ್ನುವುದರಲ್ಲಿ ಆಶ್ಚರ್ಯವೇನು?

1997ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಹೀಗೆ ಬಾಡಿಗೆಯನ್ನು ಹಳೇ ಕಾಲಕ್ಕೆ ಕಟ್ಟಿಹಾಕಿರುವುದು ಈಗ ನ್ಯಾಯವಲ್ಲ ಎಂದಿತು. ಆ ಮೊಕದ್ದಮೆಯ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ! (ಉಡುಪಿ ಕಡೆಯವರ ಕಿವಿ ನಿಮಿರಿತೇ?) ಆಮೇಲೆ ಬಂದದ್ದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, ಜಾರಿಯಾದದ್ದು 2000ದ ಮಾರ್ಚ್ 31ಕ್ಕೆ. ವರ್ಷಕ್ಕೆ ಶೇ. 4ರಷ್ಟು ಏರಿಸಬಹುದು. ಆದರೆ ಬುಡವೇ ಐವತ್ತು ರೂಪಾಯಿ ಇದ್ದರೆ ಶೇ. 4 ಅಂದರೆ ಎರಡು ರೂಪಾಯಿ ಸ್ವಾಮಿ!

ಅದೇ ಕಾಯ್ದೆ ಬ್ಯಾಂಕುಗಳಿಗೆ, ಸರ್ಕಾರಿ ಉದ್ದಿಮೆಗಳಿಗೆ, ದೊಡ್ಡ ಕಂಪನಿಗಳಿಗೆ ರಕ್ಷಣೆ ಇಲ್ಲ ಎಂದಿತು. ಶಾಖೆಯ ಕಟ್ಟಡದ ಲೀಸ್ ಮಾತಾಡಲು ಕೂತಾಗ ಮಾಲೀಕರ ದನಿಯಲ್ಲಿ ಬಂದ ಗತ್ತು ನಾನು ಕಂಡಿದ್ದೇನೆ. ನನಗೆ ಅದು ಸರಿಯೆಂದೇ ಅನಿಸಿತು. ಕೊಡುವ ಶಕ್ತಿಯಿದ್ದವರು ಕೊಡಲಿ.

ವಾಡೆಯ ಮೂಲೆಯಲ್ಲಿ ಪಿಂಚಣಿ ನಂಬಿ ಬದುಕುವ ಅಜ್ಜಿಯ ಪ್ರಶ್ನೆ ಬೇರೆ. ಆಕೆಯನ್ನು ಮಾರುಕಟ್ಟೆ ಬಾಡಿಗೆಗೆ ದೂಡಿದರೆ ಹೋಗುವುದೆಲ್ಲಿಗೆ? ಮಾಲೀಕನಿಗೋ, ಬರುವ ಬಾಡಿಗೆಯಲ್ಲಿ ಹೆಂಚು ಬದಲಿಸಲೂ ಆಗದು. ಮಳೆಗಾಲ ಬಂತೆಂದರೆ ಶಿಥಿಲ ವಾಡೆಗಳಿಗೆ ಮಹಾನಗರಪಾಲಿಕೆಯ ನೋಟಿಸ್ ಬರುತ್ತದೆ. ಖಾಲಿ ಮಾಡಿದರೆ ಹಕ್ಕು ಹೋದೀತೆಂದು ಬಾಡಿಗೆದಾರ ಕದಲುವುದಿಲ್ಲ. ಗೋಡೆಗೆ ಕೊಟ್ಟ ಮರದ ಊರೆ ಇನ್ನೊಂದು ಮಳೆಗಾಲಕ್ಕೂ ಹಾಗೇ ನಿಂತಿರುತ್ತದೆ.