1 ದೊಡ್ಡದೋ, 255 ದೊಡ್ಡದೋ?

ನಿಪ್ಪಾಣಿ ಗೆಳೆಯರೇ, ಲ್ಯಾಬಿನಾಗ ಉತ್ತರ ತಪ್ಪು ಬಂದ್ರ ನಾವು ಏನಂತೀವಿ? "ಸರ್, ನನ್ನ ಕೋಡ್ ಸರಿ ಐತಿ, ಕಂಪೈಲರ್‌ದಾಗ ತಪ್ಪೈತಿ!" ಎಲ್ಲರೂ ನಗ್ತಾರೆ. ಆದರೆ ಒಮ್ಮೊಮ್ಮೆ ಆ ಮಾತು ನಿಜವೂ ಆಗಿದೆ.

👉 2008ರ ಉಬುಂಟು 8.04.1 ಜೊತೆ ಬಂದ ಜಿಸಿಸಿ ಕಂಪೈಲರ್ ನೋಡಿ. ಒಂದು ಸೈನ್ಡ್ ಕ್ಯಾರ್, ಬೆಲೆ 1. ಒಂದು ಅನ್‌ಸೈನ್ಡ್ ಕ್ಯಾರ್, ಬೆಲೆ 255. ಮೊದಲನೆಯದು ದೊಡ್ಡದಾ ಅಂತ ಕೇಳಿದರೆ ಉತ್ತರ 0 ಬರಬೇಕು. ಬಂದದ್ದು 1! 255ರ ಎಂಟು ಬಿಟ್‌ಗಳನ್ನೇ ಸೈನ್ಡ್ ಅಂತ ಓದಿದರೆ ಅದು -1 ಆಗುತ್ತೆ, ಆಗ ಇಂಥ ಉತ್ತರವೇ ಬರೋದು. ಮೂಲ ಜಿಸಿಸಿಯಲ್ಲಿ ಈ ದೋಷ ಇರಲಿಲ್ಲ, ಉಬುಂಟುವಿನ ಬದಲಾವಣೆ ಮಾಡಿದ ಪ್ರತಿಯಲ್ಲಿತ್ತು.

👉 ಇದನ್ನು ಹಿಡಿದವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು. ಅವರ ಸಿಸ್ಮಿತ್ ಎಂಬ ಸಾಧನ ಯಾದೃಚ್ಛಿಕವಾಗಿ ಸಿ ಪ್ರೋಗ್ರಾಂ ಬರೆಯುತ್ತೆ, ಅದನ್ನು ಹಲವು ಕಂಪೈಲರ್‌ಗಳಿಗೆ ಕೊಟ್ಟು ಉತ್ತರ ಹೋಲಿಸ್ತಾರೆ. ನಮ್ಮೂರ ತಂಬಾಕು ತೂಕದಾಗ ಸಂಶಯ ಬಂದ್ರ ಇನ್ನೊಂದು ತಕ್ಕಡಿಗೆ ಹಾಕಿದಂಗ! ಮೂರು ವರ್ಷದಲ್ಲಿ 325ಕ್ಕೂ ಹೆಚ್ಚು ಹೊಸ ದೋಷ ಸಿಕ್ಕವು. 2011ರ ಅವರ ಪ್ರಬಂಧದ ಪ್ರಕಾರ, ಪರೀಕ್ಷಿಸಿದ ಪ್ರತಿಯೊಂದು ಕಂಪೈಲರ್ ಕೂಡ ಎಲ್ಲೋ ಒಂದು ಕಡೆ ಸದ್ದಿಲ್ಲದೆ ತಪ್ಪು ಕೋಡ್ ಕೊಟ್ಟಿತ್ತು.

👉 ಆದರೆ ಈಗಲೇ ಸರ್ ಹತ್ರ ಓಡಬೇಡಿ 😄 2007ರಲ್ಲಿ ಜಿಸಿಸಿಗೆ ಒಂದು ದೂರು ಬಂತು. a + 100 > a ಅನ್ನೋ ತಪಾಸಣೆಯನ್ನೇ ಆಪ್ಟಿಮೈಜರ್ ಅಳಿಸಿಹಾಕ್ತಿತ್ತು. a ಬೆಲೆ 2147483647 ಇದ್ದರೆ ಕೂಡಿದ್ದು ಇಂಟ್‌ನಲ್ಲಿ ಹಿಡಿಯಲ್ಲ. ಸಿ ಭಾಷೆಯ ನಿಯಮದಲ್ಲಿ ಸೈನ್ಡ್ ಓವರ್‌ಫ್ಲೋಗೆ ಅರ್ಥವೇ ಇಲ್ಲ, ಹಾಗಾಗಿ ಅದು ಆಗೋದೇ ಇಲ್ಲ ಅಂತ ಕಂಪೈಲರ್ ನಂಬುತ್ತೆ. ದೂರು ತಿರಸ್ಕಾರವಾಯ್ತು. ತಪ್ಪು ಪ್ರೋಗ್ರಾಂನದ್ದು!

ಹೊರಗಿಂದ ಎರಡೂ ಒಂದೇ ಥರ ಕಾಣ್ತಾವೆ. ಎರಡರಲ್ಲೂ ಎರರ್ ಮೆಸೇಜ್ ಬರಲ್ಲ, ತಪ್ಪು ಸಂಖ್ಯೆ ಸುಮ್ಮನೆ ಮುಂದೆ ಹೋಗುತ್ತೆ. ಅದು ಯಾವುದೋ ರೈತನ ಬಿಲ್ಲೂ ಆಗಿರಬಹುದು.

✅ ಹಾಗಾದರೆ ಏನು ಮಾಡಬೇಕು? ಮೊದಲು ಯುಬಿಸ್ಯಾನ್ ಹಚ್ಚಿ ಓಡಿಸಿ, ಓವರ್‌ಫ್ಲೋ ಇದ್ದರೆ ಅದು ಹೇಳುತ್ತೆ. ಆಮೇಲೆ ಓ0, ಓ2 ಎರಡರಲ್ಲೂ ನೋಡಿ. ಕೊನೆಗೆ ಕ್ಲಾಂಗ್‌ನಲ್ಲೂ ನೋಡಿ. ಆಮೇಲೆ ಬೇಕಾದರೆ ಕಂಪೈಲರ್ ಮೇಲೆ ಬೆರಳು ತೋರಿಸಿ.

ಈ ವಿದ್ಯೆ ದೂರದ್ದು ಅನ್ಕೋಬೇಡಿ. 2002ರಲ್ಲಿ ಬಂದ, ಆಪ್ಟಿಮೈಸೇಶನ್ ಬಗ್ಗೆಯೇ ಇರುವ ದೊಡ್ಡ ಕಂಪೈಲರ್ ಕೈಪಿಡಿಯ ಸಂಪಾದಕರು ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್, ಇಬ್ಬರೂ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು.

ಲ್ಯಾಬ್ ಪಾರ್ಟ್ನರ್‌ಗೆ ಟ್ಯಾಗ್ ಮಾಡ್ರಿ, ಪರೀಕ್ಷೆಗೆ ಮುಂಚೆ ಸೇವ್ ಮಾಡಿಟ್ಕೋರಿ 💛❤️

#ಕನ್ನಡದಲ್ಲಿಕೋಡಿಂಗ್ #ನಿಪ್ಪಾಣಿ